ಗಾಳಿ ಮೆಟ್ಟಿದ ಎಂಜಿನು

ಹಳ್ಳಿಗಳಲ್ಲಿ ಒಬ್ಬನಿಗೆ ಹೆಸರಿಲ್ಲದ ಕಾಯಿಲೆ ಬಂದು, ಹತ್ತು ಮದ್ದಿಗೂ ಅದು ಬಗ್ಗದೆ ಹೋದಾಗ, 'ಗಾಳಿ ಮೆಟ್ಟಿಕೊಂಡಿದೆ' ಎಂದುಬಿಡುವ ವಾಡಿಕೆಯುಂಟು. ಮನುಷ್ಯರ ಮಟ್ಟಿಗೆ ಈ ಮಾತನ್ನು ನಂಬುವವರು ನಂಬಬಹುದು, ನಗುವವರು ನಗಬಹುದು. ಆದರೆ ಹಳೆಯ ಡೀಸೆಲ್ ಕಾರಿನ ಮಟ್ಟಿಗೆ ಅದು ಅಕ್ಷರಶಃ ನಿಜವಾದ ಮಾತು. ಗಾಳಿಯೇ ಈ ಎಂಜಿನಿನ ಉಸಿರು. ಇರಬೇಕಾದ ಕಡೆ ಸಾಲದೆ ಬಂದಾಗ, ಇರಬಾರದ ಕಡೆ ನುಸುಳಿದಾಗ, ಆ ಗಾಳಿಯೇ ಇದರ ರೋಗ.

ಹಳೆಯ ಡೀಸೆಲ್ ಕಾರನ್ನು ಸಾಕಿದವರಿಗೆ ಆ ರೋಗದ ಚಿಹ್ನೆಗಳನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಚಳಿಯಲ್ಲಿ ಎಷ್ಟು ಹೊತ್ತು ಸ್ಟಾರ್ಟರು ತಿರುಗಿಸಿದರೂ ಅದು ಏಳುವುದಿಲ್ಲ. ಎದ್ದ ಮೇಲೆ ಬೀದಿಯೆಲ್ಲ ಬಿಳಿ ಹೊಗೆ. ಏರಿನಲ್ಲಿ ಕಪ್ಪು ಹೊಗೆ. ಒಂದು ದಿನ ಕುಟ್ಟುವ ಸದ್ದು, ಮರುದಿನ ಅದು ಮಾಯ. ರಿಪೇರಿಗೆ ಒಯ್ದರೆ ಅಲ್ಲಿ ಸಾಧುವಿನಂತೆ ನಡೆದುಕೊಂಡು, ಮನೆಗೆ ಬಂದ ಕೂಡಲೇ ಮತ್ತೆ ಹಠ. ಇಂಥ ಹೊತ್ತಿನಲ್ಲಿ ನಡೆಯುವ ಚಿಕಿತ್ಸೆಗೆ ನಮ್ಮ ಗಾದೆಯೊಂದು ಚೆನ್ನಾಗಿ ಒಪ್ಪುತ್ತದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬ್ಯಾಟರಿ ಬದಲಾಗುತ್ತದೆ, ನಾಜಲ್ ಬದಲಾಗುತ್ತದೆ, ಕೊನೆಗೆ ಎಂಜಿನ್ನೇ ಬಿಚ್ಚಿಹೋಗುತ್ತದೆ. ಜ್ವರ ಮಾತ್ರ ಎತ್ತಿನ ಮೈಯಲ್ಲಿ ಹಾಗೆಯೇ ಉಳಿದಿರುತ್ತದೆ.

ಈ ರೋಗಗಳೆಲ್ಲ ಮುಪ್ಪಿನಿಂದ ಬಂದವು ಎಂದು ನಾವು ತಿಳಿಯುತ್ತೇವೆ. ಡೀಸೆಲ್ ಎಂಜಿನಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ತೋರಿದ್ದು ಬೇರೆ. ಇವು ಅದರ ಹುಟ್ಟಿನೊಂದಿಗೇ ಬಂದ ರೋಗಗಳು. ನಡುವಯಸ್ಸಿನಲ್ಲಿ ಅಡಗಿದ್ದು, ಮೈ ಸಡಿಲವಾದಾಗ ಮತ್ತೆ ತಲೆಯೆತ್ತುತ್ತವೆ. ಇವನ್ನು ಒಂದೊಂದಾಗಿ ಹುಡುಕಿ ಹಿಡಿದ ಕಥೆಯೇ ಈ ಎಂಜಿನಿನ ಕಥೆ. ತಾಳ್ಮೆಯಿಂದ ಹುಡುಕಿದ ಕಡೆ ಅದು ಗೆದ್ದಿತು. ಹುಡುಕದೆ ಅವಸರಪಟ್ಟ ಕಡೆ, ಕಂಡದ್ದನ್ನು ಮುಚ್ಚಿಟ್ಟ ಕಡೆ ಅನೇಕರನ್ನು ಮುಳುಗಿಸಿತು.

ಕಥೆಗೆ ಮೊದಲು ಎಂಜಿನಿನ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬೇಕು. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು, ಹತ್ತು ಬಾರಿ ಒತ್ತುವಷ್ಟರಲ್ಲಿ ಪಂಪಿನ ಬುಡ ಬೆಚ್ಚಗಾಗುತ್ತದೆ. ಒತ್ತಿದ ಗಾಳಿ ಕಾಯುವುದು ಪ್ರಕೃತಿಧರ್ಮ. ಪೆಟ್ರೋಲ್ ಎಂಜಿನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ವಿದ್ಯುತ್ತಿನ ಕಿಡಿ ಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಒತ್ತಿಬಿಟ್ಟರೆ ಅದರ ಶಾಖ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಇಂಧನವನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಎಂಜಿನಿಗೆ ಬೇಕಾದದ್ದು ಮೂರೇ: ಗಾಳಿಯನ್ನು ಬಿಗಿಯಾಗಿ ಹಿಡಿದು ಒತ್ತುವ ಸಿಲಿಂಡರು, ಗಾಳಿ ಬೆರೆಯದ ಶುದ್ಧ ಇಂಧನ, ಮತ್ತು ತಕ್ಕ ವೇಳೆಗೆ ತಕ್ಕಷ್ಟು ಸಿಂಪಡಿಸುವ ಪಂಪು. ಮೂರರಲ್ಲಿ ಯಾವುದು ತಪ್ಪಿದರೂ ರೋಗ.

ಆಗ್ಸ್‌ಬರ್ಗಿನ ನಾಲ್ಕು ವರ್ಷ

ಈ ಯುಕ್ತಿಯನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸಿನಲ್ಲಿ, ತಂದೆತಾಯಿಗಳು ಜರ್ಮನರು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಸಂಸಾರ ಲಂಡನ್ನಿಗೆ ಓಡಬೇಕಾಯಿತು. ಹುಡುಗನನ್ನು ಓದಿಗೆಂದು ಆಗ್ಸ್‌ಬರ್ಗಿಗೆ ಕಳುಹಿಸಿದರು. ಮುಂದೆ ಮ್ಯೂನಿಕ್ಕಿನಲ್ಲಿ, ಶೀತಯಂತ್ರಗಳ ತಯಾರಿಕೆಯಲ್ಲಿ ಹೆಸರಾದ ಕಾರ್ಲ್ ಫಾನ್ ಲಿಂಡೆಯವರ ಬಳಿ ಉಷ್ಣಶಾಸ್ತ್ರವನ್ನು ಕಲಿತ. ಆ ಕಾಲದ ಉಗಿಯಂತ್ರಗಳು ತಾವು ನುಂಗಿದ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ಕೆಲಸವಾಗಿ ಹಿಂದಿರುಗಿಸುವುದು ಕಷ್ಟವಾಗಿತ್ತು. ಉಳಿದದ್ದೆಲ್ಲ ಹೊಗೆಗೂಡಿನ ಪಾಲು. ಈ ದುಂದು ತರುಣನ ತಲೆಯನ್ನು ಕೊರೆಯಿತು. 1892ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದ. ಆಗ್ಸ್‌ಬರ್ಗಿನ ಯಂತ್ರದ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಬುಟ್ಸ್ ಪ್ರಯೋಗಕ್ಕೆ ಸ್ಥಳ ಕೊಟ್ಟ. ಕ್ರುಪ್ ಕಂಪನಿಯೂ ಹಣ ಹಾಕಿತು.

ಕಾಗದದ ಮೇಲೆ ಎಲ್ಲವೂ ಸೊಗಸಾಗಿತ್ತು. ಕಬ್ಬಿಣದಲ್ಲಿ ಮಾಡಹೊರಟಾಗ ಒಂದೊಂದಾಗಿ ಕೈಕೊಟ್ಟಿತು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಎಂಜಿನನ್ನು ಕಾರ್ಖಾನೆಯ ಬೆಲ್ಟಿನಿಂದ ತಿರುಗಿಸಿ, ಒಳಕ್ಕೆ ಪೆಟ್ರೋಲನ್ನು ಬಿಟ್ಟರು. ಇಂಧನ ಹೊತ್ತಿಕೊಂಡದ್ದೇನೋ ನಿಜ. ಆದರೆ ಒತ್ತಡ ಸುಮಾರು 80 ವಾಯುಭಾರಕ್ಕೆ ನೆಗೆದು, ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಎಂಜಿನು ತನ್ನ ಬಲದಿಂದ ಒಂದು ಸುತ್ತೂ ತಿರುಗಲಿಲ್ಲ. ಬೇರೆಯವರಾಗಿದ್ದರೆ ಸೋತೆವೆಂದು ಕೈಚೆಲ್ಲುತ್ತಿದ್ದರು. ಡೀಸೆಲ್ ಇದರಲ್ಲಿ ಎರಡನ್ನು ಬೇರೆಬೇರೆಯಾಗಿ ಕಂಡ: ಒತ್ತಿದ ಗಾಳಿಯಿಂದಲೇ ಬೆಂಕಿ ಹತ್ತುತ್ತದೆಂಬುದು ರುಜುವಾಗಿದೆ, ಆದರೆ ಇಂಧನವನ್ನು ಒಳಗೆ ಬಿಡುವ ಕ್ರಮ ಸರಿಯಿಲ್ಲ. ಯಾವುದು ನೆಟ್ಟಗಿದೆ, ಯಾವುದು ಕೆಟ್ಟಿದೆ ಎಂದು ಹೀಗೆ ಬಿಡಿಸಿ ನೋಡುವುದೇ ದೋಷಪತ್ತೆಯ ಮೊದಲ ಪಾಠ.

ಮೊದಲು ಅವನು ಇಂಧನವನ್ನು ಪಂಪಿನಿಂದಲೇ ನೇರವಾಗಿ ಒಳನೂಕಲು ನೋಡಿದ. ಆ ಕಾಲದ ಪಂಪುಗಳಿಗೆ ಅಷ್ಟು ಸಣ್ಣ ಅಳತೆಯನ್ನು, ಅಷ್ಟು ದೊಡ್ಡ ಒತ್ತಡದಲ್ಲಿ, ಅಷ್ಟು ಕ್ಷಿಪ್ರವಾಗಿ ಕೊಡುವ ಶಕ್ತಿಯಿರಲಿಲ್ಲ. ಆಮೇಲೆ ಬೇರೊಂದು ಉಪಾಯ ಹೂಡಿದ: ಬೇರೆ ಕಡೆ ಒತ್ತಿಟ್ಟ ಗಾಳಿಯ ರಭಸದಿಂದಲೇ ಇಂಧನವನ್ನು ಸಿಲಿಂಡರಿನೊಳಕ್ಕೆ ಊದುವುದು. 1894ರ ಫೆಬ್ರವರಿ 17ರಂದು ಎಂಜಿನು ಮೊದಲ ಬಾರಿಗೆ ತನ್ನ ಕಾಲ ಮೇಲೆ ನಿಂತಿತು. ನಿಮಿಷಕ್ಕೆ 88 ಸುತ್ತು; ನಡೆದದ್ದು ಸುಮಾರು ಒಂದೇ ನಿಮಿಷ. ಆ ಒಂದು ನಿಮಿಷ ದೃಢವಾದ ನಡೆಯಾಗಲು ಇನ್ನೂ ಮೂರು ವರ್ಷ ಹಿಡಿಯಿತು. ಪಿಸ್ಟನ್ನಿನ ಬಿಗಿ, ವಾಲ್ವುಗಳ ಸೋರಿಕೆ, ಸಿಂಪರಣೆಯ ರೀತಿ, ಒಂದೊಂದನ್ನೂ ಬದಲಿಸುವುದು, ಓಡಿಸಿ ನೋಡುವುದು, ಪ್ರಯೋಗದ ದಿನಚರಿಯಲ್ಲಿ ಬರೆಯುವುದು. ಮೊದಲು ಲೂಸಿಯನ್ ಫೋಗೆಲ್, ಆಮೇಲೆ ಇಮಾನುಯೆಲ್ ಲೌಸ್ಟರ್ ಎಂಬ ಇಂಜಿನಿಯರುಗಳು ಈ ಕೆಲಸದಲ್ಲಿ ಅವನ ಜೊತೆಗಾರರು. ಎಂಜಿನಿಗೆ ಡೀಸೆಲ್ ಒಬ್ಬನ ಹೆಸರು ಅಂಟಿತು. ಅದರ ಸೋರಿಕೆಗಳನ್ನು ಹುಡುಕಿದವರ ಹೆಸರು ಪುಸ್ತಕಗಳಲ್ಲಿ ಉಳಿಯಿತು.

1897ರ ಫೆಬ್ರವರಿ 17ರಂದು ಮ್ಯೂನಿಕ್ಕಿನ ಪ್ರೊಫೆಸರ್ ಮೋರಿಟ್ಸ್ ಷ್ರೋಟರ್ ಎಂಜಿನನ್ನು ಅಧಿಕೃತವಾಗಿ ಪರೀಕ್ಷಿಸಿದರು. ಸುಮಾರು 18 ಅಶ್ವಶಕ್ತಿ. ಇಂಧನ, ದೀಪಕ್ಕೆ ಹಾಕುವ ಸೀಮೆಎಣ್ಣೆ. ಶಾಖದಲ್ಲಿ ಕೆಲಸವಾಗಿ ಬಂದದ್ದು ಶೇಕಡಾ 26.2. ಜಗತ್ತಿನ ಯಾವ ಎಂಜಿನೂ ಅದುವರೆಗೆ ಇಷ್ಟು ಕಡಿಮೆ ತಿಂದು ಇಷ್ಟು ದುಡಿದಿರಲಿಲ್ಲ.

ಬೆಂಕಿಕಡ್ಡಿ ಕಾರ್ಖಾನೆಯ ಪಾಠ

ಇಲ್ಲಿಗೆ ಕಥೆ ಮಂಗಳವಾಗಬೇಕಾಗಿತ್ತು. ಆದರೆ ಅವಸರ ಒಳಹೊಕ್ಕಿತು. ಸುದ್ದಿ ಹಬ್ಬಿದ ಕೂಡಲೇ ಹಣವಂತರು ಹಕ್ಕುಗಳನ್ನು ಕೊಳ್ಳಲು ಮುಗಿಬಿದ್ದರು. ಅಮೆರಿಕದ ಬಿಯರ್ ತಯಾರಕ ಅಡಾಲ್ಫಸ್ ಬುಷ್ ತನ್ನ ದೇಶದ ಹಕ್ಕಿಗೆ ಹತ್ತು ಲಕ್ಷ ಮಾರ್ಕುಗಳನ್ನು ಕೊಟ್ಟ. ರಷ್ಯದಲ್ಲಿ ಎಮಾನುಯೆಲ್ ನೊಬೆಲ್, ಬ್ರಿಟನ್ನಿನಲ್ಲಿ ಮಿರ್‌ಲೀಸ್ ಕಂಪನಿ ಹಕ್ಕು ಪಡೆದರು. ನಲವತ್ತು ತುಂಬುವ ಹೊತ್ತಿಗೆ ಡೀಸೆಲ್ ಲಕ್ಷಾಧೀಶ. ಕೊಂಡವರೆಲ್ಲ ನಂಬಿದ್ದು ಒಂದೇ: ಎಂಜಿನು ಸಿದ್ಧವಾಗಿದೆ. ನಿಜವಾಗಿ ಸಿದ್ಧವಾಗಿದ್ದದ್ದು ಒಂದು ಎಂಜಿನು, ಒಂದು ಪ್ರಯೋಗಶಾಲೆಯಲ್ಲಿ, ಅದರ ಗುಣವನ್ನೆಲ್ಲ ಬಲ್ಲವರ ಕೈಯಲ್ಲಿ.

1898ರಲ್ಲಿ ಬವೇರಿಯದ ಕೆಂಪ್ಟನ್ ಎಂಬ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ 60 ಅಶ್ವಶಕ್ತಿಯ ಎರಡು ಸಿಲಿಂಡರಿನ ಎಂಜಿನೊಂದು ಹೋಯಿತು. ಜಗತ್ತಿನಲ್ಲಿ ದುಡಿಮೆಗೆಂದು ಮಾರಾಟವಾದ ಮೊದಲ ಡೀಸೆಲ್ ಎಂಜಿನು ಇದೇ. ಪ್ರಯೋಗಶಾಲೆಯ ಎಂಜಿನು ದಿನಕ್ಕೆ ಕೆಲವು ಗಂಟೆ ಓಡಿದರೆ ಸಾಕು. ಕಾರ್ಖಾನೆಯ ಎಂಜಿನು ದಿನವೆಲ್ಲ ಓಡಬೇಕು. ಇಂಧನವನ್ನು ಮಂಜು ಮಾಡಲು ಇಟ್ಟಿದ್ದ ಸಣ್ಣ ತಂತಿಜಾಲರಿ ಕಟ್ಟಿಕೊಳ್ಳತೊಡಗಿತು. ಗಾಳಿ ಒತ್ತುವ ಕಂಪ್ರೆಸರು ಕೆಟ್ಟಿತು. ಆಗ್ಸ್‌ಬರ್ಗಿನಿಂದ ಇಂಜಿನಿಯರುಗಳು ಪದೇ ಪದೇ ಓಡಬೇಕಾಯಿತು. ಇತರ ಕಡೆಗಳಿಂದಲೂ ದೂರುಗಳು ಬಂದವು; ಎಂಜಿನುಗಳೇ ವಾಪಸು ಬಂದವು. ಡೀಸೆಲ್ ಹೆಸರಿನಲ್ಲಿ ಆಗ್ಸ್‌ಬರ್ಗಿನಲ್ಲೇ ತೆರೆದ ಹೊಸ ಕಾರ್ಖಾನೆ ಕೆಲವೇ ಕಾಲದಲ್ಲಿ ತಯಾರಿಕೆ ನಿಲ್ಲಿಸಿತು. ಚಿಂತೆಯಿಂದ ಡೀಸೆಲ್‌ನ ಆರೋಗ್ಯ ಮುರಿದು ಆರೈಕೆಯ ಮನೆ ಸೇರಿದ.

ಎಂಜಿನನ್ನು ಉಳಿಸಿದವರು ಮತ್ತೆ ಆ ಮೂಲ ಕಾರ್ಖಾನೆಯ ಬುಟ್ಸ್, ಲೌಸ್ಟರ್ ಮೊದಲಾದವರು. ಅವರು ದೂರುಗಳನ್ನು ಅಲ್ಲಗಳೆಯಲಿಲ್ಲ, ಒಂದೊಂದನ್ನೂ ಬೆನ್ನಟ್ಟಿದರು. ತಂತಿಜಾಲರಿಯ ಬದಲು ತೂತುಗಳುಳ್ಳ ಬಿಲ್ಲೆಗಳು ಬಂದವು. ಕಟ್ಟಿಕೊಳ್ಳುವ ಕಾಟ ತಪ್ಪಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನು ಕಡಲೆಕಾಯಿ ಎಣ್ಣೆಯಲ್ಲೇ ಓಡಿತು; ನೋಡಿದವರಲ್ಲಿ ಬಹುಮಂದಿಗೆ ಅದರ ಭೇದವೇ ತಿಳಿಯಲಿಲ್ಲವೆಂದು ಡೀಸೆಲ್ ಮುಂದೆ ನೆನೆಸಿಕೊಂಡಿದ್ದಾನೆ. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹಡಗು ಡೀಸೆಲ್ ಎಂಜಿನಿನಿಂದಲೇ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೋಗಿಬಂದಿತು. ಎಂಜಿನು ಗೆದ್ದಿತ್ತು. ಅದನ್ನು ಕಂಡುಹಿಡಿದವನು ಮಾತ್ರ ಸಾಲದಲ್ಲಿ ಮುಳುಗಿದ್ದ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ 'ಡ್ರೆಸ್ಡೆನ್' ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಗಾಗುವ ಹೊತ್ತಿಗೆ ಇರಲಿಲ್ಲ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ದೇಹವೊಂದು ಸಿಕ್ಕಿತು. ಅದರ ಮೇಲಿದ್ದ ವಸ್ತುಗಳನ್ನು ಮಗ ಗುರುತಿಸಿದ.

ಕೂದಲಿಗಿಂತ ಸಣ್ಣ ಸಂದು

ಹಡಗಿನ ಎಂಜಿನು ಕಾರಿಗೆ ಹೇಗೆ ಬಂದಿತು? ಇಂಧನವನ್ನು ಊದುವ ಕಂಪ್ರೆಸರಿನ ಭಾರವನ್ನು ಹಡಗು ಹೊರಬಹುದು, ಕಾರು ಹೊರಲಾರದು. ಡೀಸೆಲ್ ಮೊದಲು ಬಯಸಿ ಕೈಬಿಟ್ಟ ಉಪಾಯಕ್ಕೇ, ಎಂದರೆ ಇಂಧನವನ್ನು ಪಂಪಿನಿಂದ ನೇರವಾಗಿ ನೂಕುವ ಉಪಾಯಕ್ಕೇ, ಮರಳಬೇಕಾಯಿತು. 1909ರಲ್ಲಿ ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್, ಸಿಲಿಂಡರಿನ ನೆತ್ತಿಯಲ್ಲಿ ಒಂದು ಪುಟ್ಟ ಕೋಣೆಯನ್ನು ಮಾಡಿ ಅಲ್ಲಿ ಇಂಧನವನ್ನು ಮೊದಲು ಹೊತ್ತಿಸುವ ಕ್ರಮಕ್ಕೆ ಪೇಟೆಂಟು ಪಡೆದ. ನಮ್ಮಲ್ಲಿ ಹೀಟರ್ ಪ್ಲಗ್ ಎಂದು ಕರೆಯುವ ಕೆಂಡದ ಕಡ್ಡಿ ಹಳೆಯ ಕಾರುಗಳಲ್ಲಿ ಬೆಳಗಿನ ಹೊತ್ತು ಬೆಚ್ಚಗೆ ಮಾಡುವುದು ಇಂಥ ಕೋಣೆಯನ್ನೇ.

ಉಳಿದದ್ದು ಪಂಪು. ಪೆಟ್ರೋಲ್ ಎಂಜಿನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ತಯಾರಿಸಿ ಹೆಸರಾಗಿದ್ದ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ 1922ರಲ್ಲಿ, ಕಿಡಿಯೇ ಬೇಡದ ಈ ಎಂಜಿನಿಗೆ ಪಂಪು ಮಾಡಲು ನಿಶ್ಚಯಿಸಿದ. ಐದು ವರ್ಷದ ದುಡಿಮೆಯ ಮೇಲೆ, 1927ರಲ್ಲಿ, ಪಂಪಿನ ತಯಾರಿಕೆ ಮೊದಲಾಯಿತು. ಆ ಪಂಪಿನೊಳಗೆ ಒಂದು ಉಕ್ಕಿನ ಕೊಳವೆ, ಅದರೊಳಗೆ ಓಡಾಡುವ ಒಂದು ಉಕ್ಕಿನ ದಿಂಡು. ಇವೆರಡರ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪ. ಒಂದರ ಜೋಡಿಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ, ಅಷ್ಟು ನಿಕಟವಾದ ದಾಂಪತ್ಯ. ಇಂಧನದಲ್ಲಿ ಬಂದ ಒಂದು ಕಣ ಮಣ್ಣು, ಒಂದು ಹನಿ ನೀರು ಈ ದಾಂಪತ್ಯವನ್ನು ಕೆಡಿಸಲು ಸಾಕು. ಹಳೆಯ ಡೀಸೆಲ್ ಕಾರಿನ ಅರ್ಧ ವ್ಯಾಜ್ಯ ಇಲ್ಲಿಯದೇ.

1936ರ ಫೆಬ್ರವರಿಯಲ್ಲಿ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಕಾಣಿಸಿಕೊಂಡಿತು: ನಾಲ್ಕು ಸಿಲಿಂಡರು, 45 ಅಶ್ವಶಕ್ತಿ. ಅದಕ್ಕೆ ಮೊದಲು ಆರು ಸಿಲಿಂಡರಿನ ದೊಡ್ಡ ಎಂಜಿನನ್ನು ಕೂರಿಸಿ ನೋಡಿದಾಗ ಅದರ ನಡುಕವನ್ನು ಕಾರಿನ ಚೌಕಟ್ಟು ತಾಳಿರಲಿಲ್ಲ. 1940ರವರೆಗೆ ಸುಮಾರು 2,000 ಕಾರುಗಳು ತಯಾರಾದವು; ಬಾಡಿಗೆ ಕಾರಿನವರಿಗೆ ಅದು ಬಹಳ ಹಿಡಿಸಿತು. ಕಡಿಮೆ ತಿಂದು ಹೆಚ್ಚು ನಡೆಯುವುದೇ ಅವರಿಗೆ ಬೇಕಾದದ್ದು.

ಈ ಸಣ್ಣ ಸಂದಿನ ವಿದ್ಯೆ ನಮ್ಮ ಬೆಂಗಳೂರಿಗೆ ಬಂದದ್ದು 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೂಲಕ. ಜನರ ಬಾಯಲ್ಲಿ ಅದು 'ಮೈಕೋ'. ಬಾಷ್‌ನ ಸಹಯೋಗದಿಂದ ಆಡುಗೋಡಿಯಲ್ಲಿ ಎದ್ದ ಆ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಹೋದವು. 2008ರಲ್ಲಿ ಕಂಪನಿಯ ಹೆಸರು ಬದಲಾಯಿತು. ಮೈಕೋ ಎಂಬುದು ಒಂದು ಬಡಾವಣೆಯ ಹೆಸರಿನಲ್ಲಿ ಉಳಿದಿದೆ. ಕಾರಿಗೆ ಡೀಸೆಲ್ ಬಂದದ್ದು ಮಾತ್ರ ತಡವಾಗಿ. 1980ರ ಹೊತ್ತಿಗೆ ಅಂಬಾಸಡರ್ ಕಾರು 1,489 ಸಿ.ಸಿ. ಡೀಸೆಲ್ ಎಂಜಿನಿನೊಡನೆ ಬಂದಿತು. ಭಾರತದಲ್ಲಿ ತಯಾರಾದ ಮೊದಲ ಡೀಸೆಲ್ ಕಾರು ಅದು. ಓಟದಲ್ಲಿ ಅದು ಜಿಂಕೆಯೇನೂ ಆಗಿರಲಿಲ್ಲ. ಆದರೆ ಪೆಟ್ರೋಲಿಗೂ ಡೀಸೆಲಿಗೂ ಆಗ ಇದ್ದ ಬೆಲೆಯ ಅಂತರವನ್ನು ನೋಡಿ ಟ್ಯಾಕ್ಸಿಯವರೂ ಸಂಸಾರಸ್ಥರೂ ಸದ್ದನ್ನು ಸಹಿಸಿಕೊಂಡರು.

ಮೇಸ್ತ್ರಿಯ ಶಾಸ್ತ್ರ

ಬೆಂಗಳೂರಿನಲ್ಲಿ ಪಂಪು, ನಾಜಲ್ ರಿಪೇರಿಯೇ ಕಸುಬಾದ ಸಣ್ಣ ಅಂಗಡಿಗಳಿವೆ. ಆಗ್ಸ್‌ಬರ್ಗಿನ ದಿನಚರಿಯ ವಿದ್ಯೆ ಈ ಅಂಗಡಿಗಳಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಇಳಿದುಬಂದಿದೆ. ನನ್ನದೊಂದು ಹಳೆಯ ಡೀಸೆಲ್ ಕಾರು. ಕೆಲವು ವರ್ಷಗಳ ಹಿಂದೆ ಅದಕ್ಕೆ ಬೆಳಗಿನ ಹಠ ಹತ್ತಿತು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತಿರುಗಿಸಿದರೆ ಎರಡು ಮೂರು ನಿಮಿಷ ಏಳುವುದಿಲ್ಲ. ಎದ್ದ ಮೇಲೆ ಇಡೀ ದಿನ ಏನೂ ತೊಂದರೆಯಿಲ್ಲ. ಒಂದು ದೊಡ್ಡ ರಿಪೇರಿ ಶಾಲೆಯವರು ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಹೀಟರ್ ಪ್ಲಗ್, ಆಮೇಲೆ ನಾಜಲ್. ಕಡೆಗೆ, 'ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು' ಎಂದರು. ಸ್ನೇಹಿತರೊಬ್ಬರು ವಯಸ್ಸಾದ ಪಂಪಿನ ಮೇಸ್ತ್ರಿಯೊಬ್ಬರ ಬಳಿ ಕಳುಹಿಸಿದರು.

ಅವರು ಸ್ಪ್ಯಾನರು ಮುಟ್ಟಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: 'ಸಾರ್, ಬೆಳಿಗ್ಗೆ ಸ್ಟಾರ್ಟರ್ ತಿರುಗ್ತಾ ಇರುವಾಗ ಹೊಗೆ ಬರುತ್ತಾ?'

'ಏಳೋವರೆಗೂ ಒಂದು ಎಳೆ ಹೊಗೆಯೂ ಇಲ್ಲ' ಎಂದೆ.

'ಹಾಗಾದರೆ ಎಂಜಿನ್‌ಗೆ ಏನೂ ಆಗಿಲ್ಲ ಬಿಡಿ. ಅದರ ಹೊಟ್ಟೆಗೆ ಡೀಸೆಲ್ಲೇ ಹೋಗ್ತಾ ಇಲ್ಲ. ಗಾಳಿ ಹಿಡೀತಿದೆ.'

ಆ ಒಂದು ಪ್ರಶ್ನೆಯ ಹಿಂದೆ ಒಂದು ಶಾಸ್ತ್ರವೇ ಇದೆ. ಬಿಳಿ ಹೊಗೆಯೆಂದರೆ ಇಂಧನ ಒಳಗೆ ಹೋಗಿದೆ, ಉರಿದಿಲ್ಲ ಎಂದರ್ಥ: ಒಳಗಿನ ಶಾಖ ಸಾಲದು, ಇಲ್ಲವೆ ಸಿಂಪರಣೆಯ ವೇಳೆ ತಪ್ಪಿದೆ. ಎಂಜಿನು ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಕಪ್ಪು ಹೊಗೆಯೆಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ: ಮೊದಲು ನೋಡಬೇಕಾದದ್ದು ಏರ್ ಫಿಲ್ಟರು, ಆಮೇಲೆ ತೊಟ್ಟಿಕ್ಕುವ ನಾಜಲ್ಲು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲೇ ಉರಿಯುತ್ತಿದೆ: ರಿಂಗು ಅಥವಾ ವಾಲ್ವು ಸವೆದಿದೆ. ಹೊಗೆಯೇ ಇಲ್ಲವೆಂದರೆ ಇಂಧನವೇ ತಲುಪಿಲ್ಲ. ಹೀಟರ್ ಪ್ಲಗ್ ಕೆಟ್ಟಿದ್ದರೆ ಬಿಳಿ ಹೊಗೆ ಬರಬೇಕಾಗಿತ್ತು. ಬೋರ್ ಸವೆದಿದ್ದರೂ ಬರಬೇಕಾಗಿತ್ತು. ಬಾರದ ಹೊಗೆಯೇ ಇಲ್ಲಿ ಸಾಕ್ಷಿ.

ಮೇಸ್ತ್ರಿ ಮಾಡಿದ್ದು ಇಷ್ಟೇ. ಟ್ಯಾಂಕಿನಿಂದ ಬರುವ ಇಂಧನದ ಕೊಳವೆಯನ್ನು ಪಂಪಿನ ಹತ್ತಿರ ಬಿಚ್ಚಿ, ನಡುವೆ ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸೇರಿಸಿದರು. ಎಂಜಿನು ಓಡುತ್ತಿದ್ದಾಗ ಅದರೊಳಗೆ ಸಾಲುಗಟ್ಟಿ ಗುಳ್ಳೆಗಳು ಓಡುವುದು ಕಣ್ಣಿಗೆ ಕಂಡಿತು. ಗಾಳಿ ಎಲ್ಲಿಂದ ಬರುತ್ತಿದೆ? ಅದಕ್ಕೂ ಒಂದು ಕ್ರಮ. ಒಂದು ಡಬ್ಬಿ ಡೀಸೆಲನ್ನು ಎತ್ತರದಲ್ಲಿಟ್ಟು ಅದರಿಂದ ನೇರವಾಗಿ ಪಂಪಿಗೆ ಕೊಳವೆ ಕೊಟ್ಟರು. ಗುಳ್ಳೆ ನಿಂತಿತು. ಹಾಗಾದರೆ ಪಂಪು ನಿರ್ದೋಷಿ. ಕಳ್ಳ ಟ್ಯಾಂಕಿಗೂ ಪಂಪಿಗೂ ನಡುವೆ ಇದ್ದಾನೆ. ಆ ದಾರಿಯನ್ನು ಎರಡು ಭಾಗ ಮಾಡಿ, ಮತ್ತೆ ಎರಡು ಭಾಗ ಮಾಡಿ ನೋಡಿದಾಗ ಸಿಕ್ಕಿದ್ದು ಫಿಲ್ಟರಿನ ಬಳಿ ಗಟ್ಟಿಯಾಗಿ ಬಿರಿದಿದ್ದ ಒಂದು ರಬ್ಬರ್ ಕೊಳವೆಯ ತುಂಡು, ಮತ್ತು ಸವೆದ ಎರಡು ತಾಮ್ರದ ವಾಷರು. ಅಲ್ಲಿಂದ ಒಂದು ಹನಿ ಡೀಸೆಲೂ ಹೊರಗೆ ಸೋರಿರಲಿಲ್ಲ. ಎಂಜಿನು ಓಡುವಾಗ ಆ ಕೊಳವೆಯಲ್ಲಿ ಪಂಪು ಒಳಕ್ಕೆ ಎಳೆಯುತ್ತಿರುವುದರಿಂದ ಎಣ್ಣೆ ಹೊರಬರುವುದಿಲ್ಲ; ಗಾಳಿ ಒಳಹೋಗುತ್ತದೆ. ರಾತ್ರಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಹೊಕ್ಕು, ಇಂಧನ ಮೆಲ್ಲಗೆ ಟ್ಯಾಂಕಿಗೆ ಜಾರಿಹೋಗುತ್ತದೆ. ಬೆಳಿಗ್ಗೆ ಪಂಪಿನ ಬಾಯಲ್ಲಿ ಬರೀ ಗಾಳಿ. ಇಂಧನವನ್ನು ಒತ್ತಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನಾಜಲ್ಲು ತೆರೆಯುವುದೇ ಇಲ್ಲ.

ಕೆಲಸಕ್ಕೆ ಆದ ಖರ್ಚು, ಅದುವರೆಗೆ ಬದಲಿಸಿದ್ದ ಒಂದು ನಾಜಲ್ಲಿನ ಬೆಲೆಯೂ ಇರಲಿಲ್ಲ. ಅದರ ಜೊತೆಗೆ ಅವರು ಇನ್ನೊಂದು ಪರೀಕ್ಷೆಯನ್ನೂ ತೋರಿಸಿದರು. ಎಂಜಿನು ಓಡುತ್ತಿರುವಾಗ ಒಂದೊಂದು ನಾಜಲ್ಲಿಗೆ ಹೋಗುವ ಕೊಳವೆಯ ನಟ್ಟನ್ನು ಬಟ್ಟೆ ಹಿಡಿದು ಕೊಂಚ ಸಡಿಲಿಸುವುದು. ಎಂಜಿನಿನ ಸದ್ದು ಮುಗ್ಗರಿಸಿದರೆ ಆ ಸಿಲಿಂಡರು ದುಡಿಯುತ್ತಿದೆ. ಸದ್ದಿನಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರು ಮೊದಲೇ ಸತ್ತಿದೆ. ಗುಂಪಿನಲ್ಲಿ ಸೋಮಾರಿಯನ್ನು ಗುರುತಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಆ ಕೊಳವೆಗಳಲ್ಲಿ 100 ವಾಯುಭಾರಕ್ಕೂ ಮಿಕ್ಕ ಒತ್ತಡ ಇರುವುದರಿಂದ ಕೈಪಳಗದವರು ಇದಕ್ಕೆ ಹೋಗಬಾರದು. ಆ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು.

ರಬ್ಬರ್ ಬಿರಿಯುವುದಕ್ಕೆ ವಯಸ್ಸಷ್ಟೇ ಕಾರಣವಲ್ಲ, ಇಂಧನವೂ ಕಾರಣವಾಗಬಲ್ಲದು. 1993ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆ ಮಾಡಿದ ಡೀಸೆಲ್ ಜಾರಿಗೆ ಬಂದಾಗ ಅನೇಕ ಹಳೆಯ ವಾಹನಗಳ ಪಂಪುಗಳು ಸೋರತೊಡಗಿದವು. ಹಳೆಯ ಡೀಸೆಲಿನಲ್ಲಿ ಊದಿಕೊಂಡು ಹದವಾಗಿದ್ದ ರಬ್ಬರ್ ಬಳೆಗಳು ಹೊಸತರಲ್ಲಿ ಸೊರಗಿದ್ದವು. ನಮ್ಮ ದೇಶದಲ್ಲಿ 1990ರ ದಶಕದ ಮೊದಲಲ್ಲಿ ಡೀಸೆಲಿನಲ್ಲಿ ಗಂಧಕ ಶೇಕಡಾ 1ರವರೆಗೂ ಇರಬಹುದಾಗಿತ್ತು. 2020ರ ಏಪ್ರಿಲಿನಿಂದ ಹತ್ತು ಲಕ್ಷದಲ್ಲಿ 10 ಪಾಲು ಮಾತ್ರ; ಎಂದರೆ ಸಾವಿರದಲ್ಲೊಂದಕ್ಕೆ ಇಳಿಯಿತು. ಗಂಧಕವನ್ನು ತೆಗೆಯುವಾಗ ಇಂಧನದ ಸಹಜವಾದ ಜಿಡ್ಡೂ ಹೋಗುವುದರಿಂದ ಅದಕ್ಕೆ ಬೇರೆ ಮದ್ದು ಬೆರೆಸುತ್ತಾರೆ. ಬದಲಾವಣೆ ಊರಿನ ಉಸಿರಿಗೆ ಒಳ್ಳೆಯದೇ. ಹಳೆಯ ಪಂಪಿಗೆ ಮಾತ್ರ ಪಥ್ಯ ಬದಲಾದ ಮುದುಕನ ಅವಸ್ಥೆ.

ಮುಚ್ಚಿಟ್ಟ ದೋಷ

ಊರಿನ ಉಸಿರಿನ ಮಾತು ಬಂದ ಮೇಲೆ ಕಥೆಯ ಕೊನೆಯ ಭಾಗವನ್ನು ಹೇಳದೆ ಬಿಡುವಂತಿಲ್ಲ. ಡೀಸೆಲ್ ಎಂಜಿನಿಗೆ ಒಂದು ರೋಗ ಮಾತ್ರ ಪೂರ್ತಿ ವಾಸಿಯಾಗಿರಲಿಲ್ಲ. ಒಳಗಿನ ಶಾಖ, ಒತ್ತಡ ಎಷ್ಟೆಂದರೆ, ಇಂಧನವಷ್ಟೇ ಅಲ್ಲ, ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕದೊಡನೆ ಕೂಡಿ ವಿಷವಾಯುವಾಗುತ್ತದೆ. ಎಂಜಿನಿಗೆ ಬಲ ಕೊಡುವ ಶಾಖವೇ ಈ ವಿಷಕ್ಕೂ ತಾಯಿ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ಸಾರಿತು. ಯಂತ್ರಶಾಸ್ತ್ರದ ಮುಂದೆ ಮತ್ತೊಂದು ಕೆಂಪ್ಟನ್ ನಿಂತಿತ್ತು.

2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಡೀಸೆಲ್ ಕಾರುಗಳ ಹೊಗೆಯನ್ನು ಪ್ರಯೋಗಶಾಲೆಯಲ್ಲಲ್ಲ, ರಸ್ತೆಯ ಮೇಲೆಯೇ ಅಳೆಯಲು ಹೊರಟಿತು. ತಂಡದಲ್ಲಿ ಭಾರತದಿಂದ ಹೋದ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೇಂಗಡಂ ಎಂಬ ತರುಣರೂ ಇದ್ದರು. ಅಳೆಯುವ ಉಪಕರಣಗಳನ್ನು ಕಾರಿನಲ್ಲೇ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಒಂದು ಕಾರನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್‌ವರೆಗೂ ಒಯ್ದು ತಂದರು. ಪ್ರಯೋಗಶಾಲೆಯಲ್ಲಿ ಸಭ್ಯವಾಗಿದ್ದ ಫೋಕ್ಸ್‌ವ್ಯಾಗನ್ ಕಾರೊಂದು ರಸ್ತೆಗಿಳಿದಾಗ ಕಟ್ಟಳೆಯ 15ರಿಂದ 35 ಪಟ್ಟು ವಿಷವಾಯು ಉಗುಳಿತು. ರಿಪೇರಿ ಶಾಲೆಯಲ್ಲಿ ಸಾಧು, ಮನೆಗೆ ಬಂದರೆ ಹಠ ಎಂಬ ಹಳೆಯ ಕಾರಿನ ಲಕ್ಷಣ ಹೊಸ ಕಾರಿನಲ್ಲಿ ಕಂಡಿತು. ವ್ಯತ್ಯಾಸವೆಂದರೆ, ಹಳೆಯ ಕಾರಿನದು ಆಕಸ್ಮಿಕ, ಇದು ಉದ್ದೇಶಪೂರ್ವಕ. ತನ್ನನ್ನು ಪರೀಕ್ಷಿಸುತ್ತಿದ್ದಾರೆಂಬುದನ್ನು ಗುರುತಿಸಿ, ಆ ಹೊತ್ತಿಗೆ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ಗುಟ್ಟಿನ ಲೆಕ್ಕಾಚಾರವನ್ನು ಎಂಜಿನಿನ ಕಂಪ್ಯೂಟರಿನಲ್ಲಿ ಅಡಗಿಸಿದ್ದರು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಇದನ್ನು ಬಯಲಿಗೆ ತಂದಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಗುಟ್ಟಿತ್ತೆಂದು ಕಂಪನಿಯೇ ಒಪ್ಪಬೇಕಾಯಿತು.

1893ರಲ್ಲಿ ಉಪಕರಣ ಸಿಡಿದಾಗ ಆಗ್ಸ್‌ಬರ್ಗಿನವರು ದೋಷವನ್ನು ದಿನಚರಿಯಲ್ಲಿ ಬರೆದಿಟ್ಟರು. 1898ರಲ್ಲಿ ದೋಷವಿನ್ನೂ ಇರುವಾಗಲೇ ಎಂಜಿನನ್ನು ಮಾರಿದರು. ಆದರೆ ದೂರು ಬಂದಾಗ ಕೆಂಪ್ಟನ್ನಿಗೆ ಓಡಿದರು. ನೂರು ವರ್ಷ ಕಳೆದ ಮೇಲೆ, ಎಷ್ಟೋ ಹೆಚ್ಚು ವಿದ್ಯೆ, ಎಷ್ಟೋ ಹೆಚ್ಚು ಹಣ ಇದ್ದವರು ದೋಷ ಕಾಣದಂತೆ ಮಾಡಲು ತಮ್ಮ ಜಾಣತನವನ್ನು ಖರ್ಚು ಮಾಡಿದರು. ಡೀಸೆಲ್ ಕಾರಿನ ಮೇಲೆ ಜನರಿಗಿದ್ದ ನಂಬಿಕೆಗೆ ಅಂದು ಬಿದ್ದ ಪೆಟ್ಟು ಇನ್ನೂ ಮಾಗಿಲ್ಲ. ಗಾಳಿಗೆ ಆದ ಪೆಟ್ಟಿನ ಲೆಕ್ಕ ಬೇರೆಯೇ.

ಡೀಸೆಲ್ ಕಾರಿನ ಯುಗ ಇಳಿಮುಖವಾಗಿದೆ. 2020ರ ಏಪ್ರಿಲಿನಲ್ಲಿ ಹೊಸ ಕಟ್ಟಳೆ ಬಂದಾಗ ಮಾರುತಿ ಸುಜುಕಿಯಂಥ ದೊಡ್ಡ ಕಂಪನಿಯೇ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಉಳಿದಿರುವ ಹಳೆಯವು ಒಂದೊಂದಾಗಿ ಗುಜರಿಗೆ ಹೋಗುತ್ತವೆ, ಹೋಗಬೇಕಾದದ್ದೂ ನ್ಯಾಯವೇ. ಅವುಗಳೊಡನೆ ಹೋಗಬಾರದ್ದು, ಹೊಗೆಯ ಬಣ್ಣ ಕೇಳಿ, ದಾರಿಯನ್ನು ಎರಡು ಭಾಗ ಮಾಡಿ, ನೆಟ್ಟಗಿರುವುದನ್ನು ಕೆಟ್ಟದ್ದರಿಂದ ಬಿಡಿಸಿ ನೋಡುವ ಆ ಹಳೆಯ ವಿದ್ಯೆ. ಯಾವ ಯಂತ್ರದಲ್ಲೂ ದೋಷವಿರುತ್ತದೆ. ಅದನ್ನು ಗೇಣುದ್ದದ ಪಾರದರ್ಶಕ ಕೊಳವೆಯಲ್ಲಿ ಹಾಯಿಸಿ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಬಲ್ಲವರು ಇರುವವರೆಗೆ ಯಂತ್ರದ ಭಯವಿಲ್ಲ.